ಅಂಗೈಯಲ್ಲಿ ಕೂರುವ ಗುಲಾಬಿ

ನಮ್ಮ ಅತ್ತೆಗೆ ಗುಲಾಬಿಯ ಮೇಲೆ ಎರಡು ತಕರಾರಿದ್ದವು. ಎರಡೂ ದಿನಾ ಬೆಳಿಗ್ಗೆ ನನ್ನ ಕಿವಿಗೆ ಬೀಳುತ್ತಿದ್ದವು. ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಅವರು ಪೂಜೆಗೆ ಕೂತರೆ ಲಿಂಗದ ಮೇಲೊಂದು ಹೂವು ಬೇಕೇ ಬೇಕು. ಹಿತ್ತಲಿನ ನಾಟಿ ಗುಲಾಬಿ ಘಮ್ಮೆನ್ನುತ್ತಿತ್ತು, ಆದರೆ ಪೂಜೆ ಮುಗಿಯುವುದರೊಳಗೆ ಎಸಳೆಲ್ಲ ಮಡಿಲಿಗೆ ಉದುರುತ್ತಿತ್ತು. ಜಮಖಂಡಿಯ ನರ್ಸರಿಯಿಂದ ನಾನು ತಂದು ನೆಟ್ಟ ಕಸಿ ಗುಲಾಬಿ ಉದುರುತ್ತಿರಲಿಲ್ಲ, ಆದರೆ ವಾಸನೆಯಿಲ್ಲ, ಗಾತ್ರ ಮಾತ್ರ ಅಂಗೈ ತುಂಬ.

"ಇದನ್ನ ಏರ್ಸಿದ್ರ ಲಿಂಗಾನ ಕಾಣೂದಿಲ್ಲ ನೋಡ ಯವ್ವಾ. ನಾ ಪೂಜಿ ಯಾರಿಗೆ ಮಾಡ್ಲಿ, ಗುಲಾಬಿಗೇನ?" ಅನ್ನುವರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ಹಂಗಾರ ನಿಮಗ ಬೇಕಾದಂಥಾದ್ದು ನಾನ ಹುಟ್ಟಸ್ತೇನಿ ತಗೋರಿ ಅತ್ತಿ" ಎಂದುಬಿಟ್ಟೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ ಗರ್ವ ಇನ್ನೂ ಒಂದಿಷ್ಟು ಉಳಿದಿತ್ತು. ಆಗ ನಾವು ಬೀಳಗಿಯಲ್ಲಿದ್ದೆವು. ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ಊರಿನ ಒಣಗಾಳಿ ಕೊಂಚ ಮೆತ್ತಗಾಗಿದೆ, ಈಗ ಏನು ನೆಟ್ಟರೂ ಬರುತ್ತದೆ ಎಂದು ಎಲ್ಲರೂ ಅನ್ನುತ್ತಿದ್ದರು. ನಾನೂ ನಂಬಿದ್ದೆ.

ಮೊದಲ ವರ್ಷ ನಾಟಿ ಗಿಡದ ಹೂವಿಗೆ ಕಸಿ ಗಿಡದ ಪರಾಗ ಹಚ್ಚಿದೆ. ಒಂದೂ ಕಾಯಿ ಕಟ್ಟಲಿಲ್ಲ. ಮರುವರ್ಷ ಚಳಿಗಾಲದಲ್ಲಿ ಅದಲುಬದಲು ಮಾಡಿದೆ. ಕಸಿ ಗಿಡದಲ್ಲಿ ಇನ್ನೇನು ಬಿರಿಯಲಿದ್ದ ಮೊಗ್ಗಿನ ಎಸಳುಗಳನ್ನೆಲ್ಲ ಬಿಡಿಸಿ, ಒಳಗಿನ ಕೇಸರಗಳನ್ನು ಚಿಮಟದಿಂದ ಕಿತ್ತೆ. ಮರುದಿನ ನಾಟಿ ಗುಲಾಬಿಯ ಪರಾಗವನ್ನು ಸಣ್ಣ ಕುಂಚದಿಂದ ಸವರಿ, ಮೇಲೊಂದು ಕಾಗದದ ಚೀಲ ಕಟ್ಟಿದೆ.

ಅತ್ತೆ ಬಂದು ನೋಡಿ ಗಲ್ಲಕ್ಕೆ ಕೈ ಹಚ್ಚಿದರು. "ಅಯ್ಯ ನಮ್ಮವ್ವಾ, ಹೂವಿನ ಸೀರಿ ಕಳದು ಮ್ಯಾಲೆ ಚೀಲಾ ಹೊಚ್ಚಿಯಲ್ಲ ಬೇ!"

ಈ ಸಲ ಕಾಯಿ ಕಟ್ಟಿತು, ಬೇಸಿಗೆಯ ಹೊತ್ತಿಗೆ ಕೆಂಪಗಾಯಿತು. ಚಳಿ ತಗುಲಿದರೆ ಚೆನ್ನಾಗಿ ಮೊಳೆಯುತ್ತವೆಂದು ಬೀಜಗಳನ್ನು ಒದ್ದೆ ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟೆ. ನನ್ನ ಗಂಡ ಉಪ್ಪಿನಕಾಯಿ ಎಂದು ತಿಳಿದು ಊಟಕ್ಕೆ ಎತ್ತಿಕೊಂಡಿದ್ದರು. ಕೈಯಿಂದ ಕಸಿದು ಮತ್ತೆ ಒಳಗಿಟ್ಟೆ.

ಮೊಳೆತದ್ದು ಕೆಲವೇ. ಪಕ್ಕದ ಓಣಿಯ ಕುರಿ ಕಾಯುವ ಅಣ್ಣ ತಂದುಕೊಟ್ಟ ಕುರಿ ಹಿಕ್ಕೆಯ ಗೊಬ್ಬರ ಹಾಕಿ ಮಕ್ಕಳಂತೆ ಸಾಕಿದೆ. ಆದರೂ ಬಿಳಿ ಬೂದಿರೋಗ ಬಂದು ಒಂದೊಂದಾಗಿ ಹೋದವು. ಕೊನೆಗೆ ಉಳಿದದ್ದು ಒಂದೇ ಸಸಿ. ಇದೂ ಕೈಕೊಟ್ಟರೆ ಈ ಹುಚ್ಚು ಸಾಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಅದರಲ್ಲಿ ಮೊದಲ ಮೊಗ್ಗು ಬಂತು. ಎಷ್ಟು ದೊಡ್ಡದಾಗುತ್ತದೆ, ವಾಸನೆ ಇದೆಯೋ ಇಲ್ಲವೋ, ಎಷ್ಟು ದಿನ ಬಾಳುತ್ತದೆ, ಎಲ್ಲವನ್ನೂ ಗಿಡದಲ್ಲೇ ನೋಡಬೇಕೆಂದಿದ್ದೆ. ಗುರುತಿಗೆ ಕೆಂಪು ದಾರ ಕಟ್ಟಿ, ಇದನ್ನು ಮುಟ್ಟಬೇಡಿರೆಂದು ಅತ್ತೆಗೆ ಹೇಳಿಯೂ ಇದ್ದೆ.

ಮೊಗ್ಗು ಬಿರಿಯಬೇಕಿದ್ದ ಬೆಳಿಗ್ಗೆ ಎದ್ದು ನೋಡಿದರೆ ದಾರವಿದೆ, ಹೂವಿಲ್ಲ.

ನಮ್ಮ ಮನೆಯಲ್ಲಿ ಮೊದಲು ಹಣ್ಣಾದ ಪೇರಲ ಇರಲಿ, ಮೊದಲು ಕರೆದ ಹಾಲಿರಲಿ, ಲಿಂಗಕ್ಕೆ ತೋರಿಸದೆ ಯಾರೂ ಮುಟ್ಟುವ ಹಾಗಿಲ್ಲ. ಮೊದಲ ಹೂವಿಗೂ ಅದೇ ನೇಮ ಎಂಬುದು ನನಗೆ ಹೊಳೆದೇ ಇರಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕೆಂದು ದೇವರ ಕೋಣೆಗೆ ಓಡಿದೆ. ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. ಪೂಜೆಯಲ್ಲಿದ್ದವರನ್ನು ಮಾತಾಡಿಸುವಂತಿಲ್ಲ. ಹೊಸ್ತಿಲಲ್ಲೇ ಹಲ್ಲು ಕಚ್ಚಿಕೊಂಡು ನಿಂತೆ.

ನಿಂತವಳು ಅವರ ಅಂಗೈ ನೋಡಲೇಬೇಕಾಯಿತು. ತಿಳಿಗುಲಾಬಿ ಬಣ್ಣದ ಸಣ್ಣ ಹೂವು ಲಿಂಗದ ನೆತ್ತಿಯ ಮೇಲೆ ಕೂತಿತ್ತು. ಸುತ್ತ ಕಪ್ಪು ಲಿಂಗ ಚೆನ್ನಾಗಿ ಕಾಣುತ್ತಿತ್ತು. ಅತ್ತೆ ಕೈಯನ್ನು ಹಣೆಗೆ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಒಂದು ಎಸಳೂ ಬೀಳಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಬೀಳದಿರಲಿ, ಬೀಳದಿರಲಿ ಎಂದು ಅವರ ಕೈಯ ಜೊತೆಗೇ ನನ್ನ ಉಸಿರೂ ಏರಿ ಇಳಿಯುತ್ತಿತ್ತು.

ಪೂಜೆ ಮುಗಿಸಿ ಅತ್ತೆ ಹೂವನ್ನು ಕಣ್ಣಿಗೊತ್ತಿಕೊಂಡು ಮೂಸಿದರು. ಆಮೇಲೆ ನನ್ನ ಕೈಗಿಟ್ಟರು.

"ಛಲೋ ಕುಂತಿತು ಯವ್ವಾ. ವಾಸನಿ ಒಂದೀಟ ಕಡಿಮಿ ಐತಿ. ಬರೂ ಚಳಿಗಾಲಕ್ಕ ಮತ್ತೊಂದು ಹಚ್ಚೂನು, ನಾನೂ ಬರ್ತೇನಿ."

ಬಯ್ಯಲು ಬಂದವಳು ಹೂಂ ಎಂದು ತಲೆಯಾಡಿಸಿ, ಕಣ್ಣೊರೆಸಿಕೊಂಡು, ಇಬ್ಬರಿಗೂ ಚಹಾ ಇಡಲು ಹೋದೆ.