ಸಿ.ಡಿ.ಗೂ ಆಯುಧಪೂಜೆ

ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರಗಳ ಕಂಪ್ಯೂಟರುಗಳಿಗೆ ಅಪ್‌ಡೇಟ್ ಹಾಕುವುದು ಆಗ ನನ್ನ ಕೆಲಸ. ಇಂಟರ್ನೆಟ್ ಇತ್ತು. ಆದರೆ ಫೋನಿನ ತಂತಿಯಲ್ಲಿ ತೊಟ್ಟಿಕ್ಕುವ ಅದನ್ನು ನಂಬಿ ಕೂತರೆ ಒಂದು ಕಂಪ್ಯೂಟರಿಗೇ ದಿನ ಮುಗಿಯುತ್ತಿತ್ತು. ಹಾಗಾಗಿ ಎಲ್ಲವನ್ನೂ ಒಂದು ಸಿ.ಡಿ.ಗೆ ತುಂಬಿಕೊಂಡು ಮಾಗಡಿ, ಕನಕಪುರ, ರಾಮನಗರ ಎಂದು ಬಸ್ಸಿನಲ್ಲಿ ಸುತ್ತುತ್ತಿದ್ದೆ. ಪಕ್ಕದ ಸೀಟಿನವರು ಏನು ಕೆಲಸವೆಂದು ಕೇಳಿದರೆ ರಿಪೇರಿ ಎನ್ನುತ್ತಿದ್ದೆ. ಕೆಡದೇ ಇರುವುದನ್ನು ಯಾಕೆ ಮುಟ್ಟುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿತ್ತು.

ಆ ವರ್ಷ ಪೆನ್‌ಡ್ರೈವಿನಿಂದ ಹರಡುವ ವೈರಸ್ಸೊಂದು ಸಿಕ್ಕಸಿಕ್ಕ ಫೈಲುಗಳನ್ನೆಲ್ಲ ನುಂಗುತ್ತಿತ್ತು. ಅಪ್‌ಡೇಟ್ ಆಗದ ಕಂಪ್ಯೂಟರಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ನಡೆಸಕೂಡದೆಂದು ಮೇಲಿನಿಂದ ಆದೇಶ ಬಂತು. ಕೊನೆಗೆ ಉಳಿದದ್ದು ಚನ್ನಪಟ್ಟಣ. ಆಯುಧಪೂಜೆಯ ಹಿಂದಿನ ದಿನ ಹೋದರೆ ಕರೆಂಟಿಲ್ಲ. ರಜೆ ಮುಗಿದ ದಿನವೇ ಪರೀಕ್ಷೆ. ಅಂದು ಬೆಳಿಗ್ಗೆ ಬೇಗ ಬಂದರಾಯಿತೆಂದು ಸಿ.ಡಿ.ಯನ್ನು ಲ್ಯಾಬಿನ ಮೇಜಿನ ಮೇಲೇ ಬಿಟ್ಟು ಹೊರಟೆ.

ಬಂದು ನೋಡಿದರೆ ಮಾನಿಟರುಗಳಿಗೆಲ್ಲ ಚೆಂಡುಹೂವು. ನನ್ನ ಸಿ.ಡಿ.ಯ ಹೊಳೆಯುವ, ಕಂಪ್ಯೂಟರ್ ಓದುವ ಮೈಗೇ ಗಂಧ ತೇಯ್ದು ಮೂರು ಬೆರಳು ಎಳೆದು, ಮೇಲೆ ಕುಂಕುಮ ಇಟ್ಟಿದ್ದರು! ನನಗೆ ಪಿತ್ತ ನೆತ್ತಿಗೇರಿತು. ಅಟೆಂಡರನ್ನು ಕರೆದು, ಇದಕ್ಕೆ ಬಳಿಯಲು ಯಾರು ಹೇಳಿದರೆಂದು ಕೂಗಾಡಿದೆ.

"ಅದೂ ಆಯುಧಾನೇ ಅಲ್ವಾ ಮೇಡಂ? ಎಲ್ಲಾಕೂ ಇಕ್ಬುಟ್ಟು ಅದೊಂದ್ನೇ ಬುಡಾಕಾಯ್ತದಾ?" ಎಂದರು ಆತ, ನನಗೇ ಬುದ್ಧಿ ಹೇಳುವವರ ಹಾಗೆ.

ಗಂಧ ಒಣಗಿ ಕಚ್ಚಿಕೊಂಡಿತ್ತು. ಸೋಪು ಹಾಕಿ ಉಜ್ಜಿದರೆ ಗೀರು ಬಿತ್ತು. ಒಂದಾದ ಮೇಲೊಂದು ಕಂಪ್ಯೂಟರಿಗೆ ಹಾಕಿದೆ, ಎಲ್ಲವೂ ಅದನ್ನು ಓದದೆ ಹೊರಗೆ ದಬ್ಬಿದವು. ಪರೀಕ್ಷೆ ಮುಂದಕ್ಕೆ ಹಾಕೋಣವೆಂದು ಪರೀಕ್ಷಕರು ಫೋನಿನತ್ತ ಹೋದರು. ಬಾಗಿಲಲ್ಲಿ ಹೊಂಗನೂರಿನ ವಿದ್ಯಾರ್ಥಿನಿಯೊಬ್ಬಳು ನಿಂತಿದ್ದಳು, ತುಂಬು ಬಸುರಿ. ಇದೊಂದು ಮುಗಿದರೆ ಅವಳ ಕೋರ್ಸು ಮುಗಿದಂತೆ.

"ಮುಂದಕ್ಕೋದ್ರೆ ನಂದು ಅಲ್ಲಿಗೆ ಮುಗೀತು ಕಣಕ್ಕ. ಕೂಸು ಬುಟ್ಟು ಓದಕ್ಕೋಗು ಅಂತ ಯಾರ್ ಕಳುಸ್ತಾರೆ?"

ಅವಳ ಮುಖ ನೋಡಲಾಗಲಿಲ್ಲ. ಮೂಲೆಯಲ್ಲೊಂದು ಹಳೆಯ ಕಂಪ್ಯೂಟರಿತ್ತು, ಅದಕ್ಕೂ ಹಾಕಿದೆ. ಗರಗರ ಎಂದು ಬಹಳ ಹೊತ್ತು ಒದ್ದಾಡಿ ಪುಣ್ಯಾತ್ಮ ಓದಿಬಿಟ್ಟಿತು. ಅಪ್‌ಡೇಟ್ ಮುಗಿದದ್ದೇ ಅದರ ಸಿ.ಡಿ. ಡ್ರೈವನ್ನು ಬಿಚ್ಚಿಕೊಂಡೆ. ಪರೀಕ್ಷಕರು ಫೋನ್ ಕೆಳಗಿಟ್ಟು ಪ್ರಶ್ನೆಪತ್ರಿಕೆ ತಂದರು. ಅವಳನ್ನು ಅಲ್ಲಿ ಕೂರಿಸಿ, ಆ ಡ್ರೈವನ್ನು ಉಳಿದ ಕಂಪ್ಯೂಟರುಗಳಿಗೆ ಒಂದೊಂದಾಗಿ ತಗುಲಿಸುತ್ತಾ ಹೋದೆ. ಅಟೆಂಡರ್ ಸ್ಕ್ರೂ ಹಿಡಿದುಕೊಂಡು ನನ್ನ ಹಿಂದೆ ಬಂದರು.

ಅವಳು ನಡುನಡುವೆ ಟೈಪ್ ಮಾಡುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿ ಮೇಜಿನ ಅಂಚು ಹಿಡಿದುಕೊಳ್ಳುತ್ತಿದ್ದಳು. ಏನಮ್ಮಾ ಎಂದರೆ ಏನಿಲ್ಲ ಎನ್ನುತ್ತಿದ್ದಳು. ಉತ್ತರ ಮರೆತಿರಬೇಕು ಎಂದುಕೊಂಡೆ. ಪ್ರಿಂಟ್ ಬಂದು, ಪರೀಕ್ಷಕರು ಅದಕ್ಕೆ ಸಹಿ ಹಾಕಿದ ಮೇಲಷ್ಟೇ ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಬೆಳಗ್ಗಿಂದ ನೋಯ್ತಾ ಐತೆ ಕಣಕ್ಕ. ಈಗೊಂದು ಆಟೋ ಕರ್ಸಿ."