ಮೇಲಿನ ಮನೆಯವನು ಬಿಟ್ಟುಹೋದ ಹಲ್ಲಿ

"ಮೇಲಿನ್ ರೂಮ್ನಾಗೆ ಅಲ್ಲಿ ಐತೆ, ಬಾರಮ್ಮ" ಎಂದು ಓನರ್ ಆಂಟಿ ಬಾಗಿಲು ತಟ್ಟಿದಾಗ ನಾನು ಭಾನುವಾರದ ಬಟ್ಟೆ ಒಣಹಾಕಿ ಆಗತಾನೇ ಕೂತಿದ್ದೆ.

"ಎಲ್ಲಿ? ಏನಿದೆ?"

"ಅಲ್ಲಿ ಕಣಮ್ಮ! ಗೋಡೆ ಮೇಲ್ ಅರಿದಾಡ್ತದಲ್ಲ, ಆ ಅಲ್ಲಿ. ಗಾಜಿನ್ ಪೆಟ್ಗೇಲಿ ಮಡಗಿ ಓಗವ್ನೆ."

ಮೇಲಿನ ರೂಮಿನ ಹುಡುಗ ಹಿಂದಿನ ದಿನವಷ್ಟೇ ಖಾಲಿ ಮಾಡಿದ್ದ. ಮೂವತ್ತರ ಆಸುಪಾಸಿನವನು, ಸಾಫ್ಟ್‌ವೇರ್ ಕೆಲಸ. ದೊಡ್ಡನೆಕ್ಕುಂದಿಯ ಆ ಕಟ್ಟಡದಲ್ಲಿ ಅವನಿದ್ದ ಒಂದು ವರ್ಷವೂ ನಾನು ಅವನ ಕೆಳಗಿನ ಮನೆಯಲ್ಲೇ ಇದ್ದೆ. ಮೆಟ್ಟಿಲ ಮೇಲೆ ಎದುರಾದರೆ "ನೀರು ಬಂತಾ?" ಎನ್ನುವುದು ಬಿಟ್ಟು ಬೇರೆ ಮಾತಿರಲಿಲ್ಲ.

ಮೇಲೆ ಹೋಗಿ ನೋಡಿದರೆ, ಪೆಟ್ಟಿಗೆಯ ಮೂಲೆಯಲ್ಲಿ ಅಂಗೈಗಿಂತ ಉದ್ದದ, ಹಳದಿ ಮೈಮೇಲೆ ಕಪ್ಪು ಚುಕ್ಕೆಗಳ ಪ್ರಾಣಿ ಬಿದ್ದಿತ್ತು. ನಮ್ಮ ಗೋಡೆಯ ಹಲ್ಲಿಯಲ್ಲ, ಅಂಗಡಿಯಿಂದ ಕೊಂಡು ಸಾಕುವ ಜಾತಿ. ನೀರಿನ ಬಟ್ಟಲು ಒಣಗಿತ್ತು. ಬಿಡಬೇಕಾಗಿದ್ದ ಪೊರೆ ಎರಡೂ ಕಣ್ಣಿಗೆ ಅಂಟಿ ಕೂತಿತ್ತು. ಮುಂಗಾಲುಗಳು ಸೊಟ್ಟಗಾಗಿದ್ದವು. ಎದ್ದು ನಡೆಯಲು ಹೋಗಿ ಎದೆಯ ಮೇಲೆ ಕುಸಿಯಿತು.

"ಮೋರಿ ತಾವ ಬಿಟ್ಬುಡಾನ."

"ಕಣ್ಣೇ ಕಾಣಲ್ಲ ಆಂಟಿ. ಕಾಗೆ ಎತ್ಕೊಂಡ್ ಹೋಗುತ್ತೆ."

ನಾನು ಪ್ರಾಣಿಪ್ರಿಯಳೇನಲ್ಲ. ಅಡುಗೆಮನೆಯಲ್ಲಿ ಹಲ್ಲಿ ಕಂಡರೆ ಪೊರಕೆ ಹಿಡಿಯುವವಳು. ಆದರೂ ಪೆಟ್ಟಿಗೆಯನ್ನು ಕೆಳಗೆ ತಂದೆ.

ಮಾರನೆಯ ದಿನ ಕಾರ್ಖಾನೆಗೆ ಅರ್ಧ ದಿನ ರಜೆ ಹೇಳಿ, ಮಾರತ್ತಹಳ್ಳಿ ಕಡೆಯಲ್ಲಿ ಇಂಥ ಪ್ರಾಣಿಗಳನ್ನು ನೋಡುವ ಡಾಕ್ಟರನ್ನು ಹುಡುಕಿಕೊಂಡು ಹೋದೆ. ಆಕೆ ಅದರ ದವಡೆಯನ್ನು ಮೆಲ್ಲಗೆ ಮುಟ್ಟಿ ನೋಡಿ ನನ್ನತ್ತ ತಿರುಗಿದರು.

"ಕ್ಯಾಲ್ಸಿಯಂ ಇಲ್ದೆ ಮೂಳೆಯೆಲ್ಲ ಮೆತ್ತಗಾಗಿದೆ. ಪೊರೆ ದಾರದ ಥರ ಬಿಗಿದು ಎರಡು ಬೆರಳು ಸತ್ತೇ ಹೋಗಿವೆ. ಹೀಗಾ ಮೇಡಂ ಸಾಕೋದು?"

ಇದು ನನ್ನದಲ್ಲ ಎಂದು ಹೇಳಬಹುದಿತ್ತು. ಯಾಕೋ ಹೇಳಲಿಲ್ಲ. ತಲೆ ತಗ್ಗಿಸಿ ಬೈಸಿಕೊಂಡೆ.

ಆಮೇಲೆ ಡಾಕ್ಟರು ಹೇಳಿದಂತೆ ದಿನವೂ ಕೆಲಸದಿಂದ ಬಂದ ಕೂಡಲೇ ಸ್ಟೀಲ್ ಡಬ್ಬಿಯಲ್ಲಿ ಉಗುರುಬೆಚ್ಚನೆ ನೀರಿಟ್ಟು ಅದನ್ನು ಕೂರಿಸುತ್ತಿದ್ದೆ. ಒದ್ದೆ ಹತ್ತಿಯಿಂದ ಕಣ್ಣು ಒರೆಸಿ, ಬಾಯಿಯ ಅಂಚಿಗೆ ಔಷಧಿಯ ಹನಿ ಬಿಡುತ್ತಿದ್ದೆ. "ಬಾಯಿ ತೆಗಿ, ಒಂದೇ ಒಂದು ಹನಿ, ತೆಗಿಯಮ್ಮ" ಎಂದು ಗೋಗರೆಯುತ್ತಿದ್ದವಳು ಒಂದು ಸಂಜೆ ತಟ್ಟನೆ ಸುಮ್ಮನಾದೆ. ಮದುವೆ ಮುರಿದು ಚಿತ್ರದುರ್ಗದಿಂದ ಬಂದು ಐದು ವರ್ಷವಾಗಿತ್ತು. ಆ ಮನೆಯೊಳಗೆ ಫೋನಿಗಲ್ಲದೆ ಒಂದು ಜೀವಕ್ಕೆಂದು ನಾನು ಬಾಯಿಬಿಟ್ಟದ್ದು ಆಗಲೇ ಮೊದಲು.

ನಾಲ್ಕನೇ ದಿನ ಎಡಗಣ್ಣಿನ ಪೊರೆ ಕಳಚಿತು. ಬಲಗಣ್ಣು ಬೆಳ್ಳಗಾಗಿಯೇ ಉಳಿಯಿತು. ಮೂರನೇ ವಾರ, ಹುಬ್ಬಿನ ಕೂದಲು ಕೀಳುವ ಪ್ಲಕ್ಕರ್‌ನಲ್ಲಿ ಹಿಡಿದಿದ್ದ ಹುಳವನ್ನು ತಾನಾಗಿಯೇ ಕಚ್ಚಿ ಎಳೆದುಕೊಂಡಿತು. ಯಾರಿಗಾದರೂ ಹೇಳಬೇಕೆನಿಸಿತು. ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಕೊನೆಯವರೆಗೂ ನೋಡಿ ಕೆಳಗಿಟ್ಟೆ. ಮೆಟ್ಟಿಲಿಳಿದು ಹೋಗಿ ಓನರ್ ಆಂಟಿಗೆ ಹೇಳಿದೆ. "ಥೂ, ಉಳಾನಾ ತಿಂತು?" ಎಂದು ಮುಖ ಸಿಂಡರಿಸಿ ಅವರು ಅವರೆಕಾಯಿ ಸುಲಿಯುವುದನ್ನು ಮುಂದುವರಿಸಿದರು.

ನಾಲ್ಕು ತಿಂಗಳಾದ ಮೇಲೆ ಆ ಹುಡುಗನ ಫೋನ್ ಬಂತು. ನನ್ನ ನಂಬರು ಆಂಟಿಯೇ ಕೊಟ್ಟಿದ್ದರು.

"ಅಕ್ಕಾ, ಅದು... ಇನ್ನೂ ಇದ್ಯಾ?"

ಶನಿವಾರ ಮಧ್ಯಾಹ್ನ ಬಂದ. ಅವನಿಗೆಂದು ನಾಲ್ಕು ತಿಂಗಳಿಂದ ಬೈಗುಳ ಕೂಡಿಟ್ಟಿದ್ದೆ. ಅವನು ಪೆಟ್ಟಿಗೆಯ ಮುಂದೆ ನೆಲದ ಮೇಲೇ ಕೂತುಬಿಟ್ಟ.

"ಖಾಲಿ ಮಾಡೋಕೆ ಮುಂಚೆ ಮೂರು ತಿಂಗಳು ಕೆಲಸ ಇರ್ಲಿಲ್ಲ ಅಕ್ಕ. ಮನೇಲೂ ಹೇಳಿರ್ಲಿಲ್ಲ. ಹಾಸಿಗೆ ಬಿಟ್ಟು ಏಳೋಕೇ ಆಗ್ತಿರ್ಲಿಲ್ಲ. ಇದು ಗಾಜು ಕೆರೀತಾ ಇರೋದು, ನಾನು ಆ ಕಡೆ ತಿರುಗಿ ಮಲಗ್ತಿದ್ದೆ."

ಅವನ ನೆಲವೇ ನನ್ನ ಸೂರು. ಮೊದಲೆಲ್ಲ ಕುರ್ಚಿ ಎಳೆದಾಡುವ ಸದ್ದು ಕೇಳುತ್ತಿತ್ತು. ಆ ಮೂರು ತಿಂಗಳು ಸದ್ದು ಪೂರ್ತಿ ನಿಂತಾಗ, ಸದ್ಯ ಹುಡುಗನಿಗೆ ಬುದ್ಧಿ ಬಂತು ಎಂದುಕೊಂಡು ನೆಮ್ಮದಿಯಾಗಿದ್ದೆ. ಒಂದು ಸಲವೂ ಮೇಲೆ ಹತ್ತಿ ಹೋಗಿ ಬಾಗಿಲು ತಟ್ಟಿರಲಿಲ್ಲ.

ಹುಳ ಸಿಕ್ಕಿಸಿದ ಪ್ಲಕ್ಕರ್ ಅವನ ಕೈಗೆ ಕೊಟ್ಟೆ. ಹಲ್ಲಿ ಒಂಟಿಗಣ್ಣಲ್ಲಿ ಅಂದಾಜು ಮಾಡಿ ಎರಡು ಸಲ ಗುರಿ ತಪ್ಪಿತು, ಮೂರನೆಯ ಸಲ ಹುಳ ಹಿಡಿಯಿತು. ಅವನು ಮುಂಗೈಯಿಂದ ಮುಖ ಒರೆಸಿಕೊಂಡ.

"ತಗೊಂಡ್ ಹೋಗ್ತೀಯಾ?" ಎಂದು ಕೇಳಿದೆ.

"ಬೇಡ ಅಕ್ಕ. ಒಂದ್ಸಲ ನೋಡ್ಬೇಕಿತ್ತು, ಅಷ್ಟೆ."

ನನಗೆ ಸಂತೋಷವಾಯಿತು, ಸಂತೋಷವಾಯಿತೆಂದು ನಾಚಿಕೆಯೂ ಆಯಿತು. ಟೀ ಮಾಡಿ ತರುವಷ್ಟರಲ್ಲಿ ಅವನು ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ನಿಂತೇ ಕುಡಿದ. ಆಗಾಗ ಬರುತ್ತಿರು ಎಂದೆ. ಬರ್ತೀನಿ ಎಂದ.

ಬರಲಿಲ್ಲ. ಎರಡು ಸಲ ನಾನೇ ಫೋನ್ ಮಾಡಿದೆ. ಮೊದಲ ಸಲ ಎತ್ತಲಿಲ್ಲ. ಎರಡನೆಯ ಸಲ ಎತ್ತಿ, ಹೊಸ ಕೆಲಸ ಸಿಕ್ಕಿದೆ, ಬಸ್ಸಲ್ಲಿದ್ದೀನಿ ಅಕ್ಕ ಎಂದ. ದನಿ ಗೆಲುವಾಗಿತ್ತು. ಹಲ್ಲಿಯ ವಿಷಯ ಅವನು ಕೇಳಲಿಲ್ಲ, ನಾನೂ ತೆಗೆಯಲಿಲ್ಲ. ಅವತ್ತು ಅದು ಪೊರೆ ಬಿಡುತ್ತಿತ್ತು. ಫೋನಿಟ್ಟು, ನೀರು ಬಿಸಿಗಿಟ್ಟೆ.