ಕಸದ ಗುಡ್ಡಕ್ಕೆ ನೆಟ್ಟ ಗೂಟಗಳು

ಕಾರವಾರದಿಂದ ಅಂಕೋಲೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಕಸದ ಗುಡ್ಡವೊಂದಿತ್ತು. ಮಳೆ ಹಿಡಿದರೆ ಅದು ಜಾರುತ್ತದೋ ಇಲ್ಲವೋ ಎಂದು ಹೇಳುವ ಕೆಲಸ ನನ್ನದು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು, ನನಗೆ ನಲವತ್ತೈದು ದಾಟಿತ್ತು. ಹಾಕಿದ ಬೀಗವನ್ನು ಎರಡು ಸಲ ತಿರುಗಿ ಬಂದು ಎಳೆದು ನೋಡುವವನಿಗೆ ಒಪ್ಪುವ ಕೆಲಸವೇ. ಶಿರವಾಡದ ಬಾಡಿಗೆ ಕೋಣೆಯಲ್ಲಿ ನನ್ನ ಚಿಂತೆಗಳನ್ನು ಕೇಳುವವರು ಮಾತ್ರ ಯಾರೂ ಇರಲಿಲ್ಲ.

ಗುಡ್ಡದ ಬುಡದಲ್ಲಿ ಮೀನುಗಾರ ಹೆಂಗಸೊಬ್ಬಳು ಚಪ್ಪರ ಹಾಕಿಕೊಂಡು, ಮಳೆಗಾಲಕ್ಕೆ ಮಾರಲು ಬಂಗಡೆ ಒಣಗಿಸುತ್ತಿದ್ದಳು. ಮಳೆಯ ನಾಲ್ಕು ತಿಂಗಳ ಊಟ ಅದರಿಂದಲೇ.

"ಇಲ್ಲಿ ಆದ್ರೆ ನಾತ ಹೇಳಿ ಯಾರೂ ಜಗಳಕ್ಕೆ ಬರೂದಿಲ್ರಾ ಸಾಯೇಬ್ರೆ," ಎಂದು ನಗುತ್ತಿದ್ದಳು. ಎಷ್ಟೋ ದಿನ ನಾನು ಬೇರೆ ಯಾರೊಡನೆಯೂ ಮಾತಾಡದೆ ಮಲಗಿದ್ದುಂಟು.

ಇಳಿಜಾರಿಗೆ ಅಡ್ಡಲಾಗಿ ನೇರ ಸಾಲಿನಲ್ಲಿ ಗೂಟ ನೆಟ್ಟಿದ್ದೆ. ಸಂಜೆ ಹೋಗಿ, ಎರಡೂ ಕಡೆಯ ಗಟ್ಟಿ ನೆಲದಿಂದ ದಾರ ಎಳೆದು ನೋಡುವುದು. ಗೂಟ ದಾರ ಬಿಟ್ಟು ಮುಂದೆ ಬಂದರೆ ಗುಡ್ಡ ನಡೆಯುತ್ತಿದೆ ಎಂದರ್ಥ. ವಾರ ಕಳೆಯುವಷ್ಟರಲ್ಲಿ ಮೂರು ಗೂಟ ಗೇಣುದ್ದ ಮುಂದಿದ್ದವು. ನಾನು ಓಡಿದೆ.

"ಅಕ್ಕಾ, ಚಪ್ಪರ ಬಿಚ್ಚಿ! ಗುಡ್ಡ ಬರ್ತಾ ಇದೆ!"

"ಅಯ್ಯ, ಆ ಗೂಟ ನಾನೇ ಕಿತ್ತದ್ದು. ಕಾಗೆ ಕಾಟ ಅಲ್ರಾ? ಮೀನಿನ ಮೇಲೆ ಬಲೆ ಹೊದ್ಸಿ ಬಿಗಿಯೂಕೆ ಬೇಕಿತ್ತು. ದಿನಾ ಸಂಜಿಗೆ ನಿಮ್ಮ ಜಾಗಕ್ಕೇ ನೆಟ್ಟಿದ್ನಲ್ರಾ!"

ವಿಜ್ಞಾನದ ಗತಿ ಇಷ್ಟು. ಬಲೆಗೆ ಬೇರೆ ಗೂಟ ತಂದುಕೊಟ್ಟು, ನನ್ನವನ್ನು ಹೊಸದಾಗಿ ನೆಟ್ಟೆ. ಹತ್ತು ದಿನ ಬಿಟ್ಟು ದಾರ ಎಳೆದಾಗ ನಡುವಿನ ಎರಡು ಗೂಟ ಬೆರಳಗಲ ಮುಂದೆ ಬಂದಿದ್ದವು.

"ಮುಟ್ಟಿದ್ರಾ?"

"ದೇವರಾಣೆ ಇಲ್ಲ."

ಇಬ್ಬರೂ ಗುಡ್ಡ ನೋಡಿದೆವು. ಮೀನು ಇನ್ನೂ ಅರ್ಧ ಹಸಿ. ಬಿಸಿಲಿನ ದಿನಗಳು ಕೆಲವೇ ಉಳಿದಿದ್ದವು. ಇಲ್ಲಿಂದ ಹೋಗಿಬಿಡಿ ಎಂದೆ. ಆಕೆ ಹಸಿ ಮೀನನ್ನು ಬುಟ್ಟಿಗೆ ತುಂಬಿ, ಚಪ್ಪರ ಬಿಚ್ಚಿ, ಕಂಬಗಳನ್ನು ತಲೆಯ ಮೇಲೆ ಹೊತ್ತು ನಡೆದಳು. ಮರುದಿನದಿಂದ ಅಲ್ಲಿ ಕಾಗೆಗಳು ಮತ್ತು ನಾನು.

ಜೂನ್ ಕಳೆಯಿತು, ಜುಲೈ ಅರ್ಧವಾಯಿತು. ಗುಡ್ಡ ಜಾರಲಿಲ್ಲ. ಒಂದಿಷ್ಟಾದರೂ ಜಾರಬಾರದೇ ಎಂದು ಮನಸ್ಸಿನಲ್ಲಿ ಬಯಸಿದ್ದೂ ಉಂಟು, ಹೇಳಿಕೊಳ್ಳಲು ನಾಚಿಕೆ.

ಅಂಕೋಲೆಯ ಮೀನುಪೇಟೆಯಲ್ಲಿ ಆಕೆ ಸಿಕ್ಕಳು. ಬುಟ್ಟಿಯ ತಳ ಕಾಣುತ್ತಿತ್ತು.

"ಅರ್ಧ ಹುಳ ಹಿಡ್ದು ಹೋಯ್ತು. ಬಿತ್ತಾ ನಿಮ್ಮ ಗುಡ್ಡ?"

"ಇಲ್ಲ."

"ಹಂಗಾದ್ರೆ ಬರೂ ವರ್ಷ ಅಲ್ಲೇ ಹಾಕ್ತೆ ಚಪ್ಪರ."

"ಬೇಡ ಅಕ್ಕಾ."

"ಬೀಳ್ಲಿಲ್ಲ ಅಲ್ರಾ?"

"ಬೀಳ್ಲಿಲ್ಲ. ಆದ್ರೂ ಬೇಡ."

ಆಕೆ ಬೇರೆ ಗಿರಾಕಿಯತ್ತ ತಿರುಗಿದಳು. ನಾನು ಬಸ್ಸು ಹಿಡಿದು ಗುಡ್ಡಕ್ಕೆ ಹೋಗಿ, ಕೊಡೆಯನ್ನು ಕಂಕುಳಲ್ಲಿ ಒತ್ತಿಕೊಂಡು ದಾರ ಎಳೆದೆ. ನಡುವಿನ ಗೂಟ ಇನ್ನೊಂದು ಬೆರಳು ಮುಂದೆ ಬಂದಿತ್ತು. ನೋಡಿ, ಎಂದು ತೋರಿಸಲು ಅಲ್ಲಿ ಯಾರೂ ಇರಲಿಲ್ಲ.